ಆಟಿಕೆಯ ಹೊಟ್ಟೆಯಿಂದ ರೈಲು ನಿಲ್ದಾಣಕ್ಕೆ

ಹೋದ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ಬಂತು. ರಿಮೋಟಿನಿಂದ ಓಡುವ ಆಟಿಕೆ ಕಾರಿನ ಡಬ್ಬಿಯಲ್ಲಿ ನಾಲ್ಕಾಗಿ ಮಡಚಿ ಇಟ್ಟಿರುತ್ತಾರಲ್ಲ, ಅಂಥದ್ದು. ಬ್ಯಾಟರಿ ಹಾಕುವುದು ಹೇಗೆ, ನೀರಿನಲ್ಲಿ ಓಡಿಸಬೇಡಿ, ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ, ಹೀಗೆ ಎಂಟು ಪುಟ. ಕೊನೆಯ ಪುಟದಲ್ಲಿ ಒಂದು ವಾಕ್ಯವಿತ್ತು: "ಇದರೊಳಗೆ ಬಳಕೆದಾರರು ದುರಸ್ತಿ ಮಾಡಬಹುದಾದ ಭಾಗಗಳು ಯಾವುವೂ ಇಲ್ಲ."

ಮಿಕ್ಸಿ, ಯುಪಿಎಸ್, ಟೀವಿ, ಗೀಸರು, ಎಲ್ಲದರ ಕೈಪಿಡಿಯಲ್ಲೂ ಇರುವ ವಾಕ್ಯ ಇದು. ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈಗಂತೂ ಅನುವಾದದ ತಂತ್ರಾಂಶಕ್ಕೆ ಬಾಯಿಪಾಠವಾಗಿ ಹೋಗಿದೆ. ನಾನು ಕೈ ಹಾಕುವ ಮೊದಲೇ ಅದು ಸಾಲನ್ನು ತುಂಬಿಟ್ಟಿರುತ್ತದೆ. ಟೀವಿ, ಯುಪಿಎಸ್‌ಗಳ ವಿಷಯದಲ್ಲಿ ನನಗೆ ತಕರಾರಿಲ್ಲ. ಅವುಗಳ ಒಳಗೆ ಪ್ರಾಣಕ್ಕೆ ಎರವಾಗುವಷ್ಟು ಕರೆಂಟು ಕೂತಿರುತ್ತದೆ. ಆದರೆ ಎರಡು ಪೆನ್ಸಿಲ್ ಸೆಲ್ಲಿನಲ್ಲಿ, ಮೂರು ವೋಲ್ಟಿನಲ್ಲಿ ಓಡುವ ಕಾರಿಗೂ ಅದೇ ಮಾತೇ?

ಅದೇ ವಾರ ಪುಣೆಯ ನಮ್ಮ ಸೊಸೈಟಿಯ ಕಸದ ಡ್ರಮ್ಮಿನ ಪಕ್ಕ ಅಂಥದ್ದೇ ಒಂದು ಕಾರು ಬಿದ್ದಿತ್ತು. ಮುಂದಿನ ಒಂದು ಚಕ್ರ ಮುರಿದಿತ್ತು, ಅಷ್ಟೇ. ಅದು ಎರಡನೇ ಮಹಡಿಯ ಹುಡುಗನದು ಎಂದು ಗೊತ್ತಿತ್ತು, ಅವನನ್ನು ಕೇಳಿಯೇ ಎತ್ತಿಕೊಂಡು ಬಂದೆ. "ಅದು ಹಾಳಾಗಿದೆ ಅಂಕಲ್" ಎಂದ. ನಾಲ್ಕು ತಿರುಪು ಬಿಚ್ಚಿ, ಒಳಗೆ ಇದ್ದದ್ದನ್ನು ಒಂದು ತಟ್ಟೆಯಲ್ಲಿ ಹರಡಿದೆ. ಎರಡು ಮೋಟಾರು, ಒಂದು ಹಲ್ಲುಚಕ್ರಗಳ ಪೆಟ್ಟಿಗೆ, ಮುಂದಿನ ಚಕ್ರವನ್ನು ನೇರಕ್ಕೆ ತರುವ ಒಂದು ಸ್ಪ್ರಿಂಗು, ಎರಡು ಎಲ್ಇಡಿ, ಬ್ಯಾಟರಿ ಕೂರಿಸುವ ಗೂಡು, ಸಣ್ಣ ಸರ್ಕಿಟ್ ಬೋರ್ಡು, ಒಂದು ತುಂಡು ವೈರಿನ ಆಂಟೆನಾ. ಚಕ್ರ ಒಂದನ್ನು ಬಿಟ್ಟು ಎಲ್ಲವೂ ಸರಿಯಾಗಿಯೇ ಇದ್ದವು.

ನನಗೆ ಮಾದರಿ ರೈಲಿನ ಹುಚ್ಚು. ಮನೆಯಲ್ಲಿ ನಾಲ್ಕಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ಡಿನ ಮೇಲೆ ಒಂದು ಪುಟ್ಟ ನಿಲ್ದಾಣವಿದೆ. ಈ ಹವ್ಯಾಸದವರಿಗೆ ಅಂಥ ಕಾರಿನ ಒಳಭಾಗಗಳು ಕಂಡರೆ ಬಾಯಲ್ಲಿ ನೀರೂರುತ್ತದೆ. ರೈಲು ಹಳಿಯ ಮೇಲೆ ತಾನಾಗಿ ಓಡುತ್ತದೆ. ಆದರೆ ರೈಲಿನ ಸುತ್ತಲ ಊರು ಓಡುವುದಿಲ್ಲ. ಗೇಟು ಬೀಳಬೇಕು, ಸಿಗ್ನಲ್ ಏಳಬೇಕು, ಜಾತ್ರೆಯ ತೊಟ್ಟಿಲು ತಿರುಗಬೇಕು. ಆ ಚಲನೆ ಎಲ್ಲಿಂದ ಬರಬೇಕು? ಸುಮಾರು 125 ವರ್ಷಗಳ ಈ ಹವ್ಯಾಸದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಒಂದೇ: ಬೇರೆ ಯಾವುದಕ್ಕೋ ಮಾಡಿದ ವಸ್ತುವಿನ ಹೊಟ್ಟೆಯಿಂದ.

ಅಂಗಡಿಯ ಗಾಜಿನ ಹಿಂದೆ

ಅಮೆರಿಕದ ಆಟಿಕೆ ರೈಲು ಎಂದರೆ ಮೊದಲು ನೆನಪಾಗುವ ಹೆಸರು ಲಯನೆಲ್. 1900ರಲ್ಲಿ ನ್ಯೂಯಾರ್ಕಿನಲ್ಲಿ ಜೋಶುವಾ ಲಯನೆಲ್ ಕೋವೆನ್ ಎಂಬಾತ ಗೆಳೆಯನೊಬ್ಬನ ಜೊತೆ ಸೇರಿ ಶುರು ಮಾಡಿದ ಕಂಪನಿ. ಆದರೆ ಕೋವೆನ್ ಮೊದಲು ಮಾಡಿದ ರೈಲು ಆಟಿಕೆಯಾಗಿರಲಿಲ್ಲ. ಅದು ಅಂಗಡಿಯ ಮುಂಗಟ್ಟಿನಲ್ಲಿ ಗಿರಾಕಿಗಳ ಕಣ್ಣು ಸೆಳೆಯಲೆಂದು ಇಟ್ಟ ಜಾಹೀರಾತು. ವೃತ್ತಾಕಾರದ ಹಳಿಯ ಮೇಲೆ ಮೇಲ್ಭಾಗ ತೆರೆದ ಒಂದು ಮರದ ವ್ಯಾಗನ್ನು, ಅದರಲ್ಲಿ ಮಾರಾಟದ ಸರಕು ಇಟ್ಟು ಸುತ್ತಿಸುವುದು. ಅದಕ್ಕೆ ಹಾಕಿದ್ದು ಆತ ಅದಕ್ಕೂ ಮೊದಲು ಮಾಡಿದ್ದ, ಅಷ್ಟೇನೂ ಖರ್ಚಾಗದೆ ಉಳಿದ ಪುಟ್ಟ ಫ್ಯಾನಿನ ಮೋಟಾರು ಎಂಬುದು ಕಂಪನಿಯವರೇ ಹೇಳಿಕೊಂಡು ಬಂದ ಕಥೆ. ಜನ ಅಂಗಡಿಗೆ ಬಂದರು, ಆದರೆ ವ್ಯಾಗನ್ನಿನೊಳಗಿನ ಸರಕು ಕೇಳಲಿಲ್ಲ. ವ್ಯಾಗನ್ನನ್ನೇ ಕೇಳಿದರು.

ರೈಲಿನ ಸುತ್ತಲ ಊರಿಗೆ ಜೀವ ಬಂದದ್ದು ಇನ್ನೂ ಮೂರು ದಶಕಗಳ ಮೇಲೆ. 1935ರಲ್ಲಿ ಲಯನೆಲ್ 'ಗೇಟ್‌ಮ್ಯಾನ್' ಎಂಬ ಆಟಿಕೆ ತಂದಿತು. ಒಂದು ಸಣ್ಣ ಗುಡಿಸಲು. ರೈಲು ಹತ್ತಿರ ಬಂತೆಂದರೆ ಬಾಗಿಲು ತೆರೆದು, ಕೈಯಲ್ಲಿ ಲಾಂದ್ರ ಹಿಡಿದ ಕಾವಲುಗಾರ ಹೊರಗೆ ಬರುತ್ತಾನೆ. ರೈಲು ದಾಟಿ ಹೋದರೆ ಒಳಗೆ ಹೋಗುತ್ತಾನೆ. 1947ರಲ್ಲಿ ಬಂದ ಹಾಲಿನ ವ್ಯಾಗನ್ನಿನಲ್ಲಿ ಬಿಳಿ ಬಟ್ಟೆಯ ಮನುಷ್ಯನೊಬ್ಬ ಹಾಲಿನ ಕ್ಯಾನುಗಳನ್ನು ಒಂದೊಂದಾಗಿ ಪ್ಲಾಟ್‌ಫಾರ್ಮಿಗೆ ತಳ್ಳುತ್ತಿದ್ದ. ಅಮೆರಿಕದಲ್ಲಿ ಒಂದಿಡೀ ತಲೆಮಾರು ಅದನ್ನು ಇವತ್ತಿಗೂ ನೆನೆಯುತ್ತದೆ.

ಎರಡರಲ್ಲೂ ಕೆಲಸ ಮಾಡುತ್ತಿದ್ದದ್ದು ಸೊಲೆನಾಯ್ಡ್. ತಾಮ್ರದ ತಂತಿ ಸುತ್ತಿದ ಕೊಳವೆ, ಅದರೊಳಗೆ ಜಾರುವ ಕಬ್ಬಿಣದ ಕಡ್ಡಿ. ಕರೆಂಟು ಹರಿದರೆ ಕಡ್ಡಿ ಒಳಕ್ಕೆ ಎಳೆಯಲ್ಪಡುತ್ತದೆ, ನಿಂತರೆ ಸ್ಪ್ರಿಂಗು ಅಥವಾ ಅದರದೇ ಭಾರ ಅದನ್ನು ಹಿಂದಕ್ಕೆ ತರುತ್ತದೆ. ಮನೆಯ ಬಾಗಿಲಿನ ಕರೆಗಂಟೆಯಲ್ಲಿ 'ಡಿಂಗ್ ಡಾಂಗ್' ಅನ್ನಿಸುವುದು ಕೂಡ ಇಂಥದ್ದೇ ಕಡ್ಡಿ. ಸೊಲೆನಾಯ್ಡ್‌ಗೆ ಗೊತ್ತಿರುವುದು ಎರಡೇ ಸ್ಥಿತಿ. ಒಂದೋ ಒಳಗೆ, ಇಲ್ಲವೇ ಹೊರಗೆ. ಹಾಗಾಗಿ ಆ ಕಾವಲುಗಾರ ನಡೆದು ಬರುತ್ತಿರಲಿಲ್ಲ, 'ಟಕ್' ಎಂದು ಹಾರಿ ಬರುತ್ತಿದ್ದ. ಮಕ್ಕಳಿಗೆ ಅಷ್ಟೇ ಸಾಕಿತ್ತು. ದೊಡ್ಡವರಾಗಿಯೂ ರೈಲು ಬಿಡದವರಿಗೆ ಸಾಲಲಿಲ್ಲ.

ಟೆಲಿಫೋನಿನ ಗುಜರಿ

1935 ಇನ್ನೊಂದು ಕಾರಣಕ್ಕೂ ಮುಖ್ಯ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ ಮಿಲ್ವಾಕಿ ನಗರದಲ್ಲಿ ಹುಟ್ಟಿದ್ದು ಅದೇ ವರ್ಷ. ಆ ಕಾಲದಲ್ಲಿ ಒಬ್ಬ ತಯಾರಕನ ಗಾಲಿ ಇನ್ನೊಬ್ಬನ ಹಳಿಗೆ ಕೂರುತ್ತಿರಲಿಲ್ಲ. ಗಾಲಿ, ಹಳಿಗಳಿಗೆಲ್ಲ ಎಲ್ಲರೂ ಒಪ್ಪುವ ಅಳತೆ ಗೊತ್ತುಮಾಡುವುದು ಸಂಘದ ಮೊದಲ ಕೆಲಸಗಳಲ್ಲಿ ಒಂದಾಯಿತು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಎಂಐಟಿಯ ವಿದ್ಯಾರ್ಥಿಗಳು ಒಂದು ಮಾದರಿ ರೈಲು ಕ್ಲಬ್ಬು ಕಟ್ಟಿಕೊಂಡರು. ಪೂರ್ತಿ ಹೆಸರು ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್. ಅವರಿಗೆ ಜಾಗ ಸಿಕ್ಕಿದ್ದು 'ಬಿಲ್ಡಿಂಗ್ 20' ಎಂಬ ಮರದ ಕಟ್ಟಡದಲ್ಲಿ. ಯುದ್ಧಕಾಲದ ರೇಡಾರ್ ಸಂಶೋಧನೆಗೆಂದು 1943ರಲ್ಲಿ ತಾತ್ಕಾಲಿಕವಾಗಿ ಕಟ್ಟಿದ್ದು ಅದು. ಕೆಡವಿದ್ದು 1998ರಲ್ಲಿ! ಗೋಡೆಗೆ ತೂತು ಕೊರೆದರೂ ಕೇಳುವವರಿರಲಿಲ್ಲವಾದ್ದರಿಂದ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ.

ಕ್ಲಬ್ಬಿನಲ್ಲಿ ಎರಡು ಥರದ ಜನ. ಬೋಗಿಗೆ ಬಣ್ಣ ಬಳಿಯುವವರು, ಗುಡ್ಡ ಮರ ಮಾಡುವವರು ಒಂದು ಕಡೆ. ಮೇಜಿನ ಕೆಳಗೆ ತೂರಿ ವೈರು ಜೋಡಿಸುವ 'ಸಿಗ್ನಲ್ಸ್ ಅಂಡ್ ಪವರ್' ಉಪಸಮಿತಿ ಇನ್ನೊಂದು ಕಡೆ. ಈ ಎರಡನೆಯವರ ಕಚ್ಚಾವಸ್ತು ಟೆಲಿಫೋನ್ ಎಕ್ಸ್‌ಚೇಂಜಿನದು. ಟೆಲಿಫೋನ್ ಸಲಕರಣೆ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಕಾಲೇಜುಗಳಿಗೆ ದಾನವಾಗಿ ಕೊಡುತ್ತಿದ್ದ ರಿಲೇ, ಸ್ವಿಚ್ಚುಗಳನ್ನು ತಂದು, ಯಾವ ರೈಲಿಗೆ ಯಾವ ಹಳಿಯ ಕರೆಂಟು ಹೋಗಬೇಕು ಎಂದು ತೀರ್ಮಾನಿಸುವ ವ್ಯವಸ್ಥೆ ಕಟ್ಟಿದರು. ರೈಲನ್ನು ಆರಿಸಿಕೊಳ್ಳಬೇಕಾದರೆ ಟೆಲಿಫೋನಿನ ಡಯಲ್ಲು ತಿರುಗಿಸಬೇಕು. ನಂಬರು ತಿರುಗಿಸಿದರೆ ಅತ್ತೆಮನೆಗೆ ಫೋನು ಹೋದ ಹಾಗೆ ರೈಲಿಗೆ ಕರೆ ಹೋಗುತ್ತಿತ್ತು.

'ರಿಲೇ' ಎಂಬ ಪದದ ಕಥೆಯೂ ಹೀಗೆಯೇ. ಭಾಷಾಶಾಸ್ತ್ರ ಓದಿದವರ ಕೆಟ್ಟ ಚಾಳಿ ಎಂದು ಕ್ಷಮಿಸಿ, ಇಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ಫ್ರೆಂಚಿನಿಂದ ಬಂದ ಈ ಪದ ಮೊದಲು ಬೇಟೆಯ ದಾರಿಯಲ್ಲಿ, ಸುಸ್ತಾದ ನಾಯಿಗಳ ಬದಲು ಬಿಡಲು ಸಿದ್ಧವಾಗಿಟ್ಟ ಹೊಸ ನಾಯಿಗಳಿಗೆ ಇತ್ತು. ಆಮೇಲೆ ದಾರಿಯಲ್ಲಿ ಬದಲಾಯಿಸುವ ಕುದುರೆಗಳಿಗೆ ಬಂತು. ನಮ್ಮ ಹಳೆಯ ಅಂಚೆಯ ಓಟಗಾರರು ಒಬ್ಬರಿಂದೊಬ್ಬರಿಗೆ ಚೀಲ ದಾಟಿಸುತ್ತಿದ್ದ ಹಾಗೆ. ಹತ್ತೊಂಬತ್ತನೇ ಶತಮಾನದಲ್ಲಿ ದೂರ ಹೋಗಿ ಬಲಗುಂದಿದ ತಂತಿ ಸಂದೇಶಕ್ಕೆ ಹೊಸ ಬಲ ಕೊಟ್ಟು ಮುಂದೆ ಕಳಿಸುವ ಸಾಧನಕ್ಕೂ ಅದೇ ಹೆಸರು ಅಂಟಿತು. ಪದಗಳನ್ನೂ ನಾವು ಹೀಗೆ ಬಿಚ್ಚಿ ಬೇರೆಡೆ ಜೋಡಿಸುತ್ತೇವೆ, ಹಳೆಯ ವೈರಿನ ತುಂಡು ಅದಕ್ಕೆ ಅಂಟಿಕೊಂಡೇ ಇರುತ್ತದೆ.

ಈ ಕ್ಲಬ್ಬು ಜಗತ್ತಿಗೆ ಕೊಟ್ಟ ಪದ 'ಹ್ಯಾಕ್'. ಚಾಲಾಕಿತನದಿಂದ, ಮಾಡುವ ಖುಷಿಗೇ ಮಾಡಿದ ಕೆಲಸ ಎಂಬ ಅರ್ಥದಲ್ಲಿ ಅವರು ಬಳಸುತ್ತಿದ್ದ ಈ ಮಾತನ್ನು ಸದಸ್ಯ ಪೀಟರ್ ಸ್ಯಾಮ್ಸನ್ 1959ರಲ್ಲಿ ಮಾಡಿದ ಕ್ಲಬ್ಬಿನ ಪದಕೋಶದಲ್ಲಿ ಸೇರಿಸಿದರು. ಕಂಪ್ಯೂಟರಿನ ಹ್ಯಾಕರುಗಳು ಬಂದದ್ದು ಈ ರೈಲಿನ ಮೇಜಿನ ಕೆಳಗಿನಿಂದ.

ಇದಕ್ಕೊಂದು ಉಪಕಥೆ ಇದೆ. 1962ರಲ್ಲಿ ಇದೇ ಬಳಗದ ಸ್ಟೀವ್ ರಸೆಲ್ ಮತ್ತು ಗೆಳೆಯರು ಎಂಐಟಿಯ ಪಿಡಿಪಿ-1 ಕಂಪ್ಯೂಟರಿನಲ್ಲಿ 'ಸ್ಪೇಸ್‌ವಾರ್' ಎಂಬ ಆಟ ಬರೆದರು. ಅತ್ಯಂತ ಹಳೆಯ ವಿಡಿಯೋ ಗೇಮುಗಳಲ್ಲಿ ಅದೊಂದು. ಆಡಬೇಕಾದರೆ ಯಂತ್ರದ ಮುಖದ ಮೇಲಿನ ಸ್ವಿಚ್ಚುಗಳನ್ನು ಒತ್ತಬೇಕಿತ್ತು. ಮೊಣಕೈ ನೋಯುತ್ತಿತ್ತು, ಜೊತೆಗೆ ಪರದೆಗೆ ಹತ್ತಿರ ಇದ್ದವನಿಗೆ ಅನುಕೂಲ ಹೆಚ್ಚು. ಆಗ ಆಲನ್ ಕೋಟಾಕ್ ಮತ್ತು ಬಾಬ್ ಸಾಂಡರ್ಸ್ ರೈಲು ಕ್ಲಬ್ಬಿನ ಕೋಣೆಗೆ ಹೋಗಿ, ಅಲ್ಲಿ ಬಿದ್ದಿದ್ದ ಸ್ವಿಚ್ಚು, ಮರದ ತುಂಡುಗಳನ್ನು ಆಯ್ದು, ಕೈಯಲ್ಲಿ ಹಿಡಿದು ಆಡುವ ಎರಡು ಪೆಟ್ಟಿಗೆ ಮಾಡಿದರು. ಟೆಲಿಫೋನಿನಿಂದ ರೈಲಿಗೆ ಬಂದ ಗುಜರಿ ರೈಲಿನಿಂದ ಆಟಕ್ಕೆ ಹೋಯಿತು. ಇವತ್ತು ಮಕ್ಕಳ ಕೈಯಲ್ಲಿರುವ ಗೇಮ್ ಕಂಟ್ರೋಲರಿನ ಮುತ್ತಜ್ಜ ಅದು.

ದೋಣಿ, ವಿಮಾನ, ಸರ್ವೋ

ಇನ್ನು ರಿಮೋಟಿನ ಕಡೆ ಬರೋಣ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ಕೊಳದ ನೀರಿನಲ್ಲಿ ಒಂದು ಪುಟ್ಟ ದೋಣಿ ಬಿಟ್ಟು, ತಂತಿಯ ಸಂಪರ್ಕವಿಲ್ಲದೆ ಅದನ್ನು ತಿರುಗಿಸಿ ತೋರಿಸಿದರು. ಅದು ಆಟಿಕೆಯಾಗಲು ನಾಲ್ಕು ದಶಕ ಬೇಕಾಯಿತು. 1930ರ ದಶಕದ ಕೊನೆಯಲ್ಲಿ ಮಿಷಿಗನ್ನಿನ ಅವಳಿ ಸೋದರರು ವಾಲ್ಟರ್ ಮತ್ತು ವಿಲಿಯಂ ಗುಡ್ 'ಗಫ್' ಎಂಬ ಮಾದರಿ ವಿಮಾನವನ್ನು ರೇಡಿಯೋದಿಂದ ಹಾರಿಸಿದರು. ಆ ವಿಮಾನ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಆ ಕಾಲದ ಮಾದರಿ ವಿಮಾನಗಳಲ್ಲಿ ಚುಕ್ಕಾಣಿ ತಿರುಗಿಸುತ್ತಿದ್ದದ್ದು ರಬ್ಬರ್ ಬ್ಯಾಂಡು. ಹುರಿ ಹಾಕಿದ ರಬ್ಬರನ್ನು ಒಂದು ಕೊಕ್ಕೆ ತಡೆದಿರುತ್ತಿತ್ತು. ರೇಡಿಯೋ ಸಂಕೇತ ಬಂದಾಗ ವಿದ್ಯುತ್ ಅಯಸ್ಕಾಂತ ಕೊಕ್ಕೆಯನ್ನು ಬಿಡಿಸಿದರೆ ರಬ್ಬರು ಒಂದು ಹೆಜ್ಜೆ ಸುತ್ತುತ್ತಿತ್ತು: ಎಡ, ನೇರ, ಬಲ, ನೇರ. ಗಡಿಯಾರದೊಳಗೆ ಹಲ್ಲುಚಕ್ರ ಹೆಜ್ಜೆ ಹೆಜ್ಜೆಯಾಗಿ ಬಿಡುಗಡೆಯಾಗುವ ಹಾಗೆ. 'ಸ್ವಲ್ಪ ಎಡಕ್ಕೆ' ಎನ್ನುವುದು ಅದಕ್ಕೆ ತಿಳಿಯುತ್ತಿರಲಿಲ್ಲ.

'ಸ್ವಲ್ಪ' ಎಂಬುದು ಆಟಿಕೆಗೆ ಬಂದದ್ದು 1960ರ ದಶಕದಲ್ಲಿ, ಸರ್ವೋ ಜೊತೆಗೆ. ಹಡಗಿನ ಚುಕ್ಕಾಣಿ ತಿರುಗಿಸುವ ಉಗಿಯಂತ್ರಕ್ಕೆ ಜೋಸೆಫ್ ಫಾರ್ಕೊ ಎಂಬ ಫ್ರೆಂಚ್ ಎಂಜಿನಿಯರ್ ಇಟ್ಟ ಹೆಸರು ಇದು. 1873ರಲ್ಲಿ ಆತ ಅದರ ಮೇಲೆ ಪುಸ್ತಕವನ್ನೇ ಬರೆದ. ಲ್ಯಾಟಿನ್ನಿನ 'ಗುಲಾಮ' ಎಂಬ ಪದ ಇದರ ಮೂಲ. ಚಾಲಕ ಚಕ್ರವನ್ನು ಎಷ್ಟು ತಿರುಗಿಸುತ್ತಾನೋ ಅಷ್ಟೇ ತಿರುಗಿ ನಿಲ್ಲುವ ಯಂತ್ರ.

ಆಟಿಕೆ ವಿಮಾನದ ಸರ್ವೋ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಒಳಗೆ ನಾಲ್ಕು ವಸ್ತು: ಒಂದು ಮೋಟಾರು, ಅದರ ವೇಗ ಇಳಿಸುವ ಹಲ್ಲುಚಕ್ರಗಳು, ತೋಳು ಈಗ ಯಾವ ಕೋನದಲ್ಲಿದೆ ಎಂದು ಅಳೆಯುವ ಒಂದು ತಿರುಗುಬಿರಡೆ, ಹೋಲಿಸಿ ನೋಡುವ ಒಂದು ಸರ್ಕಿಟ್ಟು. ತಿರುಗುಬಿರಡೆ ಎಂದರೆ ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯೇ. ಹೊರಗೆ ಮೂರು ವೈರು. ಎರಡು ಕರೆಂಟಿಗೆ, ಒಂದು ಅಪ್ಪಣೆಗೆ. ಅಪ್ಪಣೆಯ ಭಾಷೆ ತೀರಾ ಸರಳ. ಸೆಕೆಂಡಿಗೆ ಸುಮಾರು 50 ಸಲ ಒಂದು ಪುಟ್ಟ ಮಿಡಿತ. ಆ ಮಿಡಿತ ಒಂದೂವರೆ ಮಿಲಿಸೆಕೆಂಡು ಇದ್ದರೆ ನಡುವೆ ನಿಲ್ಲು, ಒಂದಕ್ಕೆ ಇಳಿದರೆ ಒಂದು ತುದಿಗೆ ಹೋಗು, ಎರಡಕ್ಕೆ ಏರಿದರೆ ಇನ್ನೊಂದು ತುದಿಗೆ ಹೋಗು. ನಡುವಿನ ಯಾವ ಅಳತೆ ಕೊಟ್ಟರೂ ನಡುವಿನ ಆ ಜಾಗದಲ್ಲಿ ನಿಲ್ಲುತ್ತದೆ.

ಯಾವ ಸರ್ಕಾರವೂ ಇದಕ್ಕೆ ಕಾನೂನು ಮಾಡಲಿಲ್ಲ. ಒಬ್ಬರನ್ನು ನೋಡಿ ಒಬ್ಬರು ಮಾಡುತ್ತಾ ರೂಢಿಗೆ ಬಂತು. ಕಂಪನಿ ಕಂಪನಿಗೆ ಪ್ಲಗ್ಗಿನ ಆಕಾರ ಬೇರೆಯಾದರೂ ಒಳಗಿನ ಮಾತು ಒಂದೇ ಆಯಿತು. ಅರುವತ್ತು ವರ್ಷ ಕಳೆದರೂ ಅದು ಬದಲಾಗಿಲ್ಲ. ಮಾದರಿ ರೈಲಿನವರು ಗಾಲಿಯ ಅಳತೆಗೆ ಸಂಘ ಕಟ್ಟಿ ಸಾಧಿಸಿದ್ದನ್ನು ವಿಮಾನದವರು ರೂಢಿಯಿಂದ ಸಾಧಿಸಿದರು. ಆ ಭಾಷೆ ಯಾರ ಸ್ವತ್ತೂ ಆಗಿರಲಿಲ್ಲವಾದ್ದರಿಂದಲೇ ಸರ್ವೋ ವಿಮಾನದಿಂದ ಕಾರಿಗೆ, ಕಾರಿನಿಂದ ರೋಬೋಟಿಗೆ, ಅಲ್ಲಿಂದ ರೈಲಿನ ಸಿಗ್ನಲ್ಲಿಗೆ ನಡೆದು ಹೋಯಿತು. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿದ್ಯಾರ್ಥಿಗಳಿಗೆಂದು ಶುರುವಾದ ಆರ್ಡುಯಿನೋ ಎಂಬ ಅಗ್ಗದ ಕಂಪ್ಯೂಟರ್ ಬೋರ್ಡು ಬಂದ ಮೇಲಂತೂ ಸರ್ವೋಗೆ ಮಿಡಿತ ಕಳಿಸಲು ನಾಲ್ಕಾರು ಸಾಲು ಬರೆದರೆ ಸಾಕಾಯಿತು.

ನಿಧಾನದ ಬೆಲೆ

ಇಷ್ಟು ಇತಿಹಾಸ ತಿಳಿದಿದ್ದೂ ನಾನು ಮೊದಲು ಮಾಡಿದ್ದು ದಡ್ಡ ಕೆಲಸ. ಕಸದ ಕಾರಿನ ಮೋಟಾರು, ಹಲ್ಲುಚಕ್ರದ ಪೆಟ್ಟಿಗೆಯನ್ನು ನೇರವಾಗಿ ನನ್ನ ನಿಲ್ದಾಣದ ಲೆವೆಲ್ ಕ್ರಾಸಿಂಗ್ ಗೇಟಿಗೆ ಜೋಡಿಸಿದೆ. ಸ್ವಿಚ್ಚು ಒತ್ತಿದೆ. ಗೇಟು ಕೊಡಲಿಯ ಹಾಗೆ 'ದಬ್' ಎಂದು ಬಿದ್ದು, ಹಿತ್ತಾಳೆ ಕಡ್ಡಿ ಬಾಗಿ, ಪಕ್ಕದಲ್ಲಿ ನಿಲ್ಲಿಸಿದ್ದ ಹಸುವೊಂದು ಹಾರಿ ಮಂಚದ ಕೆಳಗೆ ಹೋಯಿತು. ನೋಡಲು ಬಂದಿದ್ದ ಎರಡನೇ ಮಹಡಿಯ ಹುಡುಗ ಬಿದ್ದು ಬಿದ್ದು ನಕ್ಕ.

ಕಾರಣ ಲೆಕ್ಕದಲ್ಲಿದೆ. ಎಚ್‌ಒ ಎಂಬ ಅಳತೆಯಲ್ಲಿ ಜಗತ್ತನ್ನು 87 ಪಟ್ಟು ಕುಗ್ಗಿಸುತ್ತೇವೆ. ಐದೂವರೆ ಅಡಿಯ ಮನುಷ್ಯ ಎರಡು ಸೆಂಟಿಮೀಟರಿಗೂ ಚೂರು ಕಡಿಮೆ. ಆರು ಮೀಟರಿನ ಗೇಟು ಏಳು ಸೆಂಟಿಮೀಟರು. ಆದರೆ ಕಾಲ ಕುಗ್ಗುವುದಿಲ್ಲ. ನಿಜವಾದ ಗೇಟು ಇಳಿಯಲು ಎಂಟು ಸೆಕೆಂಡು ಬೇಕಾದರೆ ಪುಟ್ಟ ಗೇಟಿಗೂ ಎಂಟೇ ಸೆಕೆಂಡು ಬೇಕು, ಇಲ್ಲದಿದ್ದರೆ ಕಣ್ಣು ಒಪ್ಪುವುದಿಲ್ಲ. ಆಟಿಕೆಯ ಮೋಟಾರು ನಿಮಿಷಕ್ಕೆ 9,000 ಸುತ್ತು ಸುತ್ತುತ್ತದೆ ಎಂದುಕೊಳ್ಳಿ. ಸೆಕೆಂಡಿಗೆ 150. ಗೇಟು ಎಂಟು ಸೆಕೆಂಡಿನಲ್ಲಿ ತಿರುಗಬೇಕಾದದ್ದು ಕಾಲು ಸುತ್ತು. ಅಂದರೆ ಮೋಟಾರು 4,800 ಸುತ್ತು ಸುತ್ತುವ ಹೊತ್ತಿಗೆ ಗೇಟಿನ ಅಚ್ಚು ಒಂದು ಸುತ್ತಿನ ವೇಗದಲ್ಲಿರಬೇಕು. ಓಡಲೆಂದು ಮಾಡಿದ ಕಾರಿನ ಹಲ್ಲುಚಕ್ರಗಳು ವೇಗವನ್ನು ಅದರ ಹತ್ತಿರಕ್ಕೂ ಇಳಿಸುವುದಿಲ್ಲ. ಆಟಿಕೆಗೆ ಬೇಕಾದದ್ದು ವೇಗ, ಮಾದರಿಗೆ ಬೇಕಾದದ್ದು ನಿಧಾನ. ಈ ಹವ್ಯಾಸದಲ್ಲಿ ಚಲನೆ ಅಗ್ಗ, ನಿಧಾನ ದುಬಾರಿ. ಲಯನೆಲ್ಲಿನ ಕಾವಲುಗಾರ ಹಾರಿ ಬರುತ್ತಿದ್ದದ್ದೂ ಇದೇ ಬಡತನದಿಂದ.

ಸರ್ವೋ ಈ ಬಡತನವನ್ನು ನೀಗಿಸಿತು. ಅದರ ತೋಳು ಸುಮಾರು ಅರ್ಧ ಸುತ್ತು ಮಾತ್ರ ತಿರುಗುತ್ತದೆ, ಗೇಟಿಗೆ ಅಷ್ಟು ಸಾಕು. ಮಿಡಿತವನ್ನು ಒಂದೇ ಏಟಿಗೆ ಬದಲಿಸದೆ ಚೂರು ಚೂರಾಗಿ ಬದಲಿಸುತ್ತಾ ಹೋದರೆ ಎಷ್ಟು ಬೇಕೋ ಅಷ್ಟು ನಿಧಾನ. ಪುಣೆಯ ಬುಧವಾರ ಪೇಟೆಯಲ್ಲಿ, ಪಾಸೋಡ್ಯಾ ವಿಠೋಬಾ ಸುತ್ತಮುತ್ತಲ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಒಂಬತ್ತು ಗ್ರಾಮ್ ತೂಕದ ನೀಲಿ ಪ್ಲಾಸ್ಟಿಕ್ಕಿನ ಸರ್ವೋ ಒಂದು ಹೋಟೆಲ್ ಊಟದ ದುಡ್ಡಿಗೆ ಸಿಗುತ್ತದೆ. ಮುಂಬೈಯವರಿಗೆ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ದೆಹಲಿಯವರಿಗೆ ಲಜಪತ್ ರಾಯ್ ಮಾರ್ಕೆಟ್ಟು ಇದ್ದೇ ಇದೆ.

ಸರ್ವೋದಿಂದ ನನ್ನ ಗೇಟು ಈಗ ಎಂಟು ಸೆಕೆಂಡಿನಲ್ಲಿ ಇಳಿಯುತ್ತದೆ. ಇನ್ನೊಂದು ಸರ್ವೋ ಹಳೆಯ ಕೈ ಸಿಗ್ನಲ್ಲಿಗೆ. ನನ್ನ ಅಜ್ಜ ಅದನ್ನು 'ಕೈಮರ' ಎನ್ನುತ್ತಿದ್ದರು. ದಾರಿ ತೋರುವ ಕಂಬದ ಹೆಸರನ್ನು ರೈಲಿನ ಸಿಗ್ನಲ್ಲಿಗೆ ಜೋಡಿಸಿಕೊಂಡ ಅವರದ್ದೂ ಒಂದು ಹ್ಯಾಕೇ ಅಲ್ಲವೆ? ನಿಜವಾದ ಸಿಗ್ನಲ್ಲಿನ ಕೈ ಉದ್ದನೆಯ ತಂತಿಯ ಎಳೆತದಿಂದ ಆಡುತ್ತಿದ್ದದ್ದರಿಂದ, ಇಳಿದ ಮೇಲೆ ಒಂದೆರಡು ಸಲ ತೂಗಿ ನಿಲ್ಲುತ್ತಿತ್ತು. ಆ ತೂಗಾಟವನ್ನು ಸೊಲೆನಾಯ್ಡ್ ಮಾಡಿ ತೋರಿಸಲಾರದು. ಸರ್ವೋ ಮಾಡುತ್ತದೆ, ಮೂರು ಸಾಲು ಹೆಚ್ಚು ಬರೆದರೆ ಆಯಿತು.

ಹಾಗಾದರೆ ಕಸದ ಕಾರಿನ ಭಾಗಗಳು ವ್ಯರ್ಥವಾದವೆ? ಇಲ್ಲ. ಹಲ್ಲುಚಕ್ರದ ಪೆಟ್ಟಿಗೆ ಜಾತ್ರೆಯ ತೊಟ್ಟಿಲಿಗೆ ಹೋಯಿತು. ಮೋಟಾರಿಗೆ ಎರಡರ ಬದಲು ಒಂದೇ ಸೆಲ್ಲು ಕೊಟ್ಟು, ಒಂದು ಸಣ್ಣ ಚಕ್ರದಿಂದ ದೊಡ್ಡ ಚಕ್ರಕ್ಕೆ ರಬ್ಬರ್ ಬ್ಯಾಂಡಿನ ಪಟ್ಟಿ ಹಾಕಿದ ಮೇಲೆ ತೊಟ್ಟಿಲು ತಾಳಕ್ಕೆ ಸರಿಯಾಗಿ ತಿರುಗತೊಡಗಿತು. ಹೆಡ್‌ಲೈಟಿನ ಎಲ್ಇಡಿಗಳು ಗೇಟಿನ ಕೆಂಪು ದೀಪದ ಹಿಂದೆ ಕೂತವು. ಅತ್ಯಂತ ಉಪಯೋಗಕ್ಕೆ ಬಂದದ್ದು ಸರ್ಕಿಟ್ ಬೋರ್ಡು. ಅದು 27 ಮೆಗಾಹರ್ಟ್ಸಿನ ಹಳೆಯ ಮಾದರಿ. ಅದರ ಮೇಲೆ ಆರ್‌ಎಕ್ಸ್-2 ಎಂಬ ಚಿಪ್ಪು. ಇದಕ್ಕೆ ಐದು ಅಪ್ಪಣೆ ತಿಳಿಯುತ್ತದೆ: ಮುಂದೆ, ಹಿಂದೆ, ಎಡ, ಬಲ, ಜೋರು. ಯಾವ ಕಾಲು ಯಾವ ಕೆಲಸಕ್ಕೆ ಎಂಬ ವಿವರ ಎಲ್ಲರಿಗೂ ಸಿಗುತ್ತದೆ. 'ಎಡ' ಎಂದರೆ ಗೇಟು ಇಳಿಯಲಿ, 'ಬಲ' ಎಂದರೆ ಏಳಲಿ, 'ಮುಂದೆ' ಎಂದರೆ ತೊಟ್ಟಿಲು ತಿರುಗಲಿ ಎಂದು ಹೆಸರು ಬದಲಿಸಿದೆ. ಕಾರಿನ ಹಳೆಯ ರಿಮೋಟೇ ನಿಲ್ದಾಣದ ರಿಮೋಟಾಯಿತು. ಅದನ್ನು ಹುಡುಗನ ಕೈಗೇ ಕೊಟ್ಟೆ.

ಕಪ್ಪು ಬೊಟ್ಟು

ಆ ಹುಡುಗನನ್ನು ಕೋಥ್ರೂಡಿನ ಜೋಶಿಯವರ ಕಿರು ರೈಲು ಸಂಗ್ರಹಾಲಯಕ್ಕೂ ಕರೆದುಕೊಂಡು ಹೋದೆ. ಪುಣೆಯ ಭಾವು ಜೋಶಿ ಎಂಬ ಹವ್ಯಾಸಿ ಕಟ್ಟಿದ, 1998ರಲ್ಲಿ ಜನರಿಗೆ ತೆರೆದ ಜಾಗ. ಕೋಣೆಯ ದೀಪ ಆರಿಸಿದಾಗ ಪುಟ್ಟ ಊರಿನ ಬೀದಿದೀಪಗಳು ಹೊತ್ತಿಕೊಂಡವು. ಹುಡುಗ ರೈಲು ನೋಡುವುದು ಬಿಟ್ಟು ಬಗ್ಗಿ ಮೇಜಿನ ಕೆಳಗೆ ಏನಿದೆ ಎಂದು ನೋಡಲು ಹೋದ. ನನಗೆ ಎಂಐಟಿಯ ಉಪಸಮಿತಿ ನೆನಪಾಯಿತು.

ಜಗತ್ತಿನ ಅತಿ ದೊಡ್ಡ ಮಾದರಿ ರೈಲು ಹ್ಯಾಂಬರ್ಗಿನ ಮಿನಿಯಾಟೂರ್ ವುಂಡರ್‌ಲಾಂಡ್. 2001ರಲ್ಲಿ ಅವಳಿ ಸೋದರರಾದ ಫ್ರೆಡೆರಿಕ್ ಮತ್ತು ಗೆರಿಟ್ ಬ್ರೌನ್ ಶುರು ಮಾಡಿದರು. ಅಲ್ಲಿ ರಸ್ತೆಯ ಮೇಲೆ ಕಾರು, ಲಾರಿ, ಅಗ್ನಿಶಾಮಕ ವಾಹನಗಳು ತಾವೇ ಓಡುತ್ತವೆ. ಮೂಲ ಉಪಾಯ ಫಾಲರ್ ಎಂಬ ಜರ್ಮನ್ ಆಟಿಕೆ ಕಂಪನಿಯದು: ರಸ್ತೆಯ ಮೇಲ್ಪದರದ ಕೆಳಗೆ ಉಕ್ಕಿನ ತಂತಿ, ವಾಹನದ ಮುಂದಿನ ಅಚ್ಚಿಗೆ ಒಂದು ಪುಟ್ಟ ಅಯಸ್ಕಾಂತ. ಅಯಸ್ಕಾಂತ ತಂತಿಯನ್ನು ಹಿಂಬಾಲಿಸಿದಂತೆ ಚಕ್ರ ತಿರುಗುತ್ತದೆ. ಬ್ರೌನ್ ಸೋದರರು ಆ ವಾಹನಗಳನ್ನು ಬಿಚ್ಚಿ, ತಮ್ಮದೇ ಸರ್ಕಿಟ್ಟು ತುಂಬಿ, ಕಂಪ್ಯೂಟರಿಗೆ ಜೋಡಿಸಿದರು. 2011ರಲ್ಲಿ ಅವರ ಪುಟ್ಟ ವಿಮಾನ ನಿಲ್ದಾಣದಲ್ಲಿ ವಿಮಾನಗಳು ನೆಲ ಬಿಟ್ಟು ಏಳತೊಡಗಿದವು. ಅಷ್ಟು ದೊಡ್ಡದಕ್ಕೂ ಮೊದಲ ಹೆಜ್ಜೆ ಆಟಿಕೆಯೊಂದನ್ನು ಬಿಚ್ಚುವುದೇ.

ಈಗ ಬರುತ್ತಿರುವ ಅಗ್ಗದ ಆಟಿಕೆಗಳನ್ನು ಬಿಚ್ಚಿದರೆ ಕಾಣುವುದು ಬೇರೆ. ಬೋರ್ಡಿನ ನಡುವೆ ಹುಣಸೆಬೀಜದಷ್ಟು ದೊಡ್ಡ ಕಪ್ಪು ಬೊಟ್ಟು. ಚಿಪ್ಪನ್ನು ನೇರವಾಗಿ ಬೋರ್ಡಿಗೆ ಅಂಟಿಸಿ, ಮೇಲೆ ಕಪ್ಪು ರಾಳ ಸುರಿದಿರುತ್ತಾರೆ. ಹೆಸರಿಲ್ಲ, ನಂಬರಿಲ್ಲ, ಯಾವ ಕಾಲು ಯಾವುದಕ್ಕೆ ಎಂದು ತಿಳಿಯುವ ದಾರಿಯಿಲ್ಲ. ಇದರಲ್ಲಿ ಪಿತೂರಿ ಏನೂ ಇಲ್ಲ. ಚಿಪ್ಪಿಗೆ ಕವಚ ಹಾಕುವ ಖರ್ಚು ಉಳಿಯುತ್ತದೆ, ಅಷ್ಟೇ. ಆದರೆ ಉಳಿಸಿದ ಆ ಕೆಲವು ಪೈಸೆಗೆ ಪ್ರತಿಯಾಗಿ ಒಂದು ಬಾಗಿಲು ಮುಚ್ಚುತ್ತದೆ. ಮೋಟಾರು, ಹಲ್ಲುಚಕ್ರ, ದೀಪ ಈಗಲೂ ಸಿಗುತ್ತವೆ. ಅಪ್ಪಣೆಯ ಭಾಷೆ ಮಾತ್ರ ಬೊಟ್ಟಿನೊಳಗೆ ಉಳಿಯುತ್ತದೆ.

ಪುಣೆಯಲ್ಲಿದ್ದುಕೊಂಡು ಈ ಮಾತಾಡುವಾಗ ಅರವಿಂದ ಗುಪ್ತಾ ಅವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಕಾನ್ಪುರ ಐಐಟಿಯಲ್ಲಿ ಓದಿದ ಎಂಜಿನಿಯರ್, ಇಲ್ಲಿನ ಐಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಕೂತು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು, ಹಳೆಯ ಚಪ್ಪಲಿಗಳಿಂದ ಆಟಿಕೆ ಮಾಡುವುದನ್ನು ಎಷ್ಟೋ ಮಕ್ಕಳಿಗೆ ಕಲಿಸಿದವರು. ಅವರ ಆಟಿಕೆಗಳಲ್ಲಿ ಮುಚ್ಚಿದ ಜಾಗವೇ ಇಲ್ಲ. ಮಗುವಿಗೆ ಕಾಣುವುದೆಲ್ಲವೂ ಕೆಲಸ ಮಾಡುವ ಭಾಗವೇ.

ಕೈಪಿಡಿಯ ಆ ವಾಕ್ಯದ ಬಗ್ಗೆ ಕಂಪನಿಗೆ ಒಂದು ಟಿಪ್ಪಣಿ ಬರೆದೆ. ಮೂರು ವೋಲ್ಟಿನ ಆಟಿಕೆಗೆ ಇದು ಬೇಕೇ, 'ಬ್ಯಾಟರಿ ತೆಗೆದು, ದೊಡ್ಡವರ ಎದುರಿನಲ್ಲಿ ಮಾತ್ರ ಬಿಚ್ಚಿ' ಎಂದರೆ ಸಾಲದೇ ಎಂದು ಕೇಳಿದೆ. ಇಂಗ್ಲಿಷಿನಲ್ಲಿ ಇದ್ದಂತೆಯೇ ಇರಲಿ ಎಂದು ಉತ್ತರ ಬಂತು. ಅನುವಾದಕರ ಕೆಲಸ ಅದೇ ಆದ್ದರಿಂದ ಹಾಗೆಯೇ ಬಿಟ್ಟೆ, ಬಿಲ್ಲು ಕಳಿಸಿದೆ.

ಹೋದ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಹುಡುಗ ನಿಂತಿದ್ದ. ಕೈಯಲ್ಲಿ ಅವನ ತಂಗಿಯ ಹೆಲಿಕಾಪ್ಟರು, ಒಂದು ರೆಕ್ಕೆ ಮುರಿದಿತ್ತು. ಇನ್ನೊಂದು ಕೈಯಲ್ಲಿ ಅವರ ಮನೆಯ ಸ್ಕ್ರೂಡ್ರೈವರು. "ಹಾಳಾಗಿದೆ" ಎನ್ನಲಿಲ್ಲ. "ಇದರೊಳಗೆ ಎಷ್ಟು ಮೋಟಾರಿದೆ ಅಂಕಲ್?" ಎಂದು ಕೇಳಿದ. ಇದರ ಬ್ಯಾಟರಿ ಲಿಥಿಯಂ, ಚುಚ್ಚಿದರೆ ಬೆಂಕಿ ಹತ್ತಿಕೊಳ್ಳುತ್ತದೆ ಎಂದು ಮೊದಲು ಹೇಳಿ, ಅದನ್ನು ನಾನೇ ತೆಗೆದು ಪಕ್ಕಕ್ಕಿಟ್ಟೆ. ಆಮೇಲೆ ತಟ್ಟೆ ತಂದೆ. ಒಳಗೆ ಮೂರಿದ್ದವು.